ಮಂಗನ ಕಾಯಿಲೆ: ಲಸಿಕೆ ತೋರಿಸದ ತುಣುಕುಗಳು

ಕೊಡಗಿಗೆ ದಕ್ಷಿಣದಲ್ಲಿ ವಯನಾಡು, ಪೂರ್ವದಲ್ಲಿ ನಾಗರಹೊಳೆ, ಅದರಾಚೆ ಬಂಡೀಪುರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012ರಿಂದೀಚೆಗೆ ಬಂಡೀಪುರ, ವಯನಾಡುಗಳಲ್ಲೂ ಕಾಣಿಸಿಕೊಂಡಿದೆ. ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಯರವರು, ಜೇನುಕುರುಬರು ಸೌದೆಗೂ ಜೇನಿಗೂ ಹೋಗುವುದು ಇದೇ ಕಾಡಿನ ಸಾಲಿಗೆ. ಈ ಕಾಯಿಲೆಯ ವೈರಸ್ ಹೊತ್ತ ಉಣುಗು ಕಚ್ಚಿದ ಮೇಲೆ ಅವರ ಮೈಯೊಳಗೆ ಏನಾಗುತ್ತದೆ?

ಜೀವಕೋಶದ ಒಳಹೊಕ್ಕ ವೈರಸ್ ಪ್ರತಿಕಾಯಗಳ ಕೈಗೆ ಸಿಗದು. ಅಲ್ಲಿ ಅದು ಸುಮಾರು 3400 ಅಮೈನೊ ಆಮ್ಲಗಳ ಒಂದೇ ಸರಪಳಿ ಕಟ್ಟಿಸಿಕೊಳ್ಳುತ್ತದೆ. ಆ ಸರಪಳಿ ಹತ್ತು ಪ್ರೋಟೀನುಗಳಾಗಿ ಕತ್ತರಿಸಲ್ಪಡುತ್ತದೆ. ಮೂರು ವೈರಸ್ಸಿನ ಮೈಕಟ್ಟಿಗೆ, ಉಳಿದ ಏಳು ಕೋಶದೊಳಗಿನ ಕೆಲಸಕ್ಕೆ.

ಆದರೆ ಕೋಶ ತನ್ನೊಳಗಿನ ಪ್ರೋಟೀನುಗಳನ್ನು ಸದಾ ಒಡೆಯುತ್ತಲೇ ಇರುತ್ತದೆ. ಒಡೆಯಬೇಕಾದ್ದಕ್ಕೆ ಯುಬಿಕ್ವಿಟಿನ್ ಅಂಟುತ್ತದೆ, ಪ್ರೋಟಿಯಸೋಮ್ ಅದನ್ನು ಚೂರು ಮಾಡುತ್ತದೆ, ಟ್ಯಾಪ್ ಎಂಬ ಸಾಗಣೆ ಪ್ರೋಟೀನ್ ಚೂರುಗಳನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ದಾಟಿಸುತ್ತದೆ. ಅಲ್ಲಿ 8ರಿಂದ 10 ಅಮೈನೊ ಆಮ್ಲದಷ್ಟು ಉದ್ದದ ತುಣುಕು ಎಚ್‌ಎಲ್‌ಎ ಅಣುವಿನ ತೋಡಿನಲ್ಲಿ ಕೂತು ಕೋಶದ ಮೇಲ್ಮೈಗೆ ಬರುತ್ತದೆ. ಮೂಟೆಗೆ ಚುಚ್ಚಿ ಒಂದು ಹಿಡಿ ಕಾಫಿ ಬೀಜ ಈಚೆ ತೆಗೆದು ಗುಣ ನೋಡುವಂತೆ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶ ಆ ತುಣುಕು ಮುಟ್ಟಿ ಒಳಗಿನ ಸ್ಥಿತಿ ತಿಳಿಯುತ್ತದೆ. ಪರಕೀಯವೆನಿಸಿದರೆ ಇಡೀ ಕೋಶವನ್ನೇ ಕೊಲ್ಲುತ್ತದೆ. ತುಣುಕು ಮಾತ್ರ ಸಾಲದು, ಅದನ್ನು ಹಿಡಿದ ಅಣುವೂ ತನ್ನದೇ ದೇಹದ್ದಾಗಿರಬೇಕು ಎಂದು 1974ರಲ್ಲಿ ಇಲಿಗಳಲ್ಲಿ ತೋರಿಸಿದವರು ವಿಜ್ಞಾನಿಗಳಾದ ಜಿಂಕರ್ನಾಗೆಲ್ ಮತ್ತು ಡೊಹರ್ಟಿ. ಅದಕ್ಕೆ 1996ರಲ್ಲಿ ಅವರಿಗೆ ನೊಬೆಲ್ ಬಂತು.

ಹೊರಗಿನಿಂದ ನುಂಗಿದ ಪ್ರೋಟೀನಿಗೆ ಬೇರೆ ಹಾದಿ. ಅದು ಕೋಶದ ಆಮ್ಲೀಯ ಚೀಲಗಳಲ್ಲಿ ಒಡೆದು, ಇನ್ನೊಂದು ವರ್ಗದ ಎಚ್‌ಎಲ್‌ಎ ಏರಿ, ಪ್ರತಿಕಾಯ ತಯಾರಿಗೆ ನೆರವಾಗುವ ಟಿ ಕೋಶಗಳ ಮುಂದೆ ನಿಲ್ಲುತ್ತದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಹೆಚ್ಚಾಗಿ ಹಿಡಿದದ್ದು ಈ ಹಾದಿಯನ್ನೇ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಂಡ ವೈರಸ್ ಕೋಶದೊಳಗೆ ಬೆಳೆಯಲಾರದು, ಆ ಏಳು ಪ್ರೋಟೀನುಗಳನ್ನು ತಯಾರಿಸಲಾರದು. ಡೆಂಗಿಯಂಥ ಸಂಬಂಧಿ ವೈರಸ್‌ಗಳಲ್ಲಿ ಕೊಲ್ಲುವ ಟಿ ಕೋಶಗಳು ಹೆಚ್ಚಾಗಿ ಗುರುತಿಸುವುದು ಇವುಗಳ ತುಣುಕುಗಳನ್ನೇ. 2005ರಿಂದ 2010ರವರೆಗಿನ ಕರ್ನಾಟಕದ ಅಧ್ಯಯನದಲ್ಲಿ ಎರಡು ಡೋಸ್‌ನ ರಕ್ಷಣೆ ಶೇ 62.4ರಷ್ಟಿತ್ತು, ಬೂಸ್ಟರ್ ಪಡೆದವರಲ್ಲಿ ಶೇ 82.9. ಆ ಕೊರತೆಗೆ ಕಾರಣ ಈ ತುಣುಕುಗಳ ಗೈರೊಂದೇ ಎನ್ನಲಾಗದು, ಆದರೂ ಅದನ್ನು ಬದಿಗಿಡುವಂತಿಲ್ಲ.

ಕೋಶದೊಳಗಿನ ತುಣುಕುಗಳನ್ನು ಹಿಡಿಯುವ ಎ, ಬಿ, ಸಿ ಎಂಬ ಎಚ್‌ಎಲ್‌ಎಗಳು ತಂದೆ ತಾಯಿಯಿಂದ ತಲಾ ಒಂದರಂತೆ ಬರುತ್ತವೆ, ಗರಿಷ್ಠ ಆರು ಬಗೆ. ಒಳಮದುವೆಯ ಸಮುದಾಯಗಳಲ್ಲಿ ಯಾವ ಬಗೆ ಹೆಚ್ಚು ಎಂಬುದು ಬೇರೆ ಬೇರೆ. ಒಬ್ಬರ ಎಚ್‌ಎಲ್‌ಎ ಹಿಡಿಯುವ ತುಣುಕನ್ನು ಇನ್ನೊಬ್ಬರದು ಬಿಟ್ಟುಬಿಡಬಹುದು. ಹಾಗಾಗಿ ಹೊಸ ಲಸಿಕೆಯ ಪರೀಕ್ಷೆಯಲ್ಲಿ ಪ್ರತಿಕಾಯದ ಜೊತೆಗೆ ಟಿ ಕೋಶಗಳ ಸ್ಪಂದನವನ್ನೂ ಅಳೆಯಬೇಕು, ಪರೀಕ್ಷೆಗೆ ಪಡೆದ ರಕ್ತದ ಮಾದರಿಗಳಲ್ಲಿ ಯರವರದೂ ಜೇನುಕುರುಬರದೂ ಇರಬೇಕು.