ಬುದ್ಧಿಗೂ ಒಂದು ಮುಯ್ಯಿ



ಮುಯ್ಯಾಳು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಇವತ್ತು ನಿಮ್ಮ ಮನೆಯಿಂದ ನಾಲ್ಕು ಆಳು ನಮ್ಮ ಗದ್ದೆಯ ನಾಟಿಗೆ ಬರುತ್ತಾರೆ. ನಾಳಿದ್ದು ನಮ್ಮ ಮನೆಯಿಂದ ನಾಲ್ಕು ಆಳು ನಿಮ್ಮ ಗದ್ದೆಗೆ ಹೋಗುತ್ತಾರೆ. ಅಲ್ಲಿ ಕಾಸಿನ ಲೆಕ್ಕವಿಲ್ಲ. ಹಾಗೆಂದು ಲೆಕ್ಕವೇ ಇಲ್ಲವೆಂದಲ್ಲ. ಬಂದ ಆಳಿಗೆ ಪ್ರತಿಯಾಗಿ ಆಳು ಹೋಗದಿದ್ದರೆ ಮುಂದಿನ ವರ್ಷ ಆ ಮನೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಇದು ಮೈದುಡಿಮೆಯ ಮುಯ್ಯಿ ಆಯಿತು. ಇವತ್ತು ನಾನು ಹೇಳಹೊರಟಿರುವುದು ಬುದ್ಧಿಯ ಮುಯ್ಯಿಯ ವಿಚಾರ. ಕೈಯಲ್ಲಿರುವ ಮೊಬೈಲು, ಅದರ ಹಿಂದಿರುವ ಇಂಟರ್ನೆಟ್ಟೆಂಬ ಜಾಲ, ಇವುಗಳ ಮೂಲಕ ಒಬ್ಬರ ಮುಖ ಒಬ್ಬರು ಕಾಣದ ಸಾವಿರಾರು ಜನ ಬುದ್ಧಿಯನ್ನು ಕೊಟ್ಟು ತೆಗೆದುಕೊಂಡು ಹೊಸ ಸಾಮಾನು, ಹೊಸ ವ್ಯಾಪಾರ ಕಟ್ಟುತ್ತಿದ್ದಾರೆ. ಇದರಲ್ಲಿ ನಮಗೆ ಬರುವುದೇನು, ನಾವು ಮೋಸ ಹೋಗುವುದೆಲ್ಲಿ, ನೋಡೋಣ.

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮನೆಯ ಯಜಮಾನ ಹಳೇ ಸೈಕಲ್ಲಿನ ಗಾಲಿಗೆ ಎಡೆಕುಂಟೆಯ ಅಲಗನ್ನು ಕೂಡಿಸಿ ಒಂದು ಸಾಧನ ಮಾಡಿದ್ದಾನೆ. ಎತ್ತು ಬೇಡ, ಒಬ್ಬನೇ ತಳ್ಳಿಕೊಂಡು ಸಾಲಿನ ನಡುವಿನ ಕಳೆ ತೆಗೆಯಬಹುದು. ಅದರ ಫೋಟೋ ತೆಗೆದು ಊರವರ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದು ಅವನಿಗೆ ಹುರುಪು. ಹೆಂಡತಿ ಕೇಳುತ್ತಾಳೆ: "ಅಲ್ಲಾ, ನೀವು ಮೂರು ತಿಂಗಳು ನಿದ್ದೆಗೆಟ್ಟು ಮಾಡಿದ್ದು. ನಾಳೆ ಪೇಟೆಯವನ್ಯಾರೋ ನೋಡ್ಕಂಡು ನೂರು ಮಾಡಿ ಮಾರಿದ್ರೆ ನಮಗೇನು ಬಂತು?"

ಈ ತಾಯಿಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ಕಂಪನಿಗಳು ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಉತ್ತರ ಹುಡುಕಲು ಸ್ವಲ್ಪ ದೂರ ಹೋಗಿ ಬರೋಣ.

ಫಿನ್‌ಲೆಂಡ್ ಎಂಬ ಚಳಿಯ ದೇಶದಲ್ಲಿ ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯಿದ್ದ. ಕಂಪ್ಯೂಟರನ್ನು ನಡೆಸಲು ಒಂದು ಮೂಲ ವ್ಯವಸ್ಥೆ ಬೇಕು. ಯಂತ್ರಕ್ಕೆ ಅದೇ ಸಾರಥಿ ಎನ್ನಿ. ಕಂಪನಿಗಳು ಇಂಥದನ್ನು ಮಾಡಿ, ಒಳಗುಟ್ಟು ಬಿಟ್ಟುಕೊಡದೆ ಮಾರುತ್ತಿದ್ದವು. ಈ ಹುಡುಗ ತನ್ನ ಖುಷಿಗೆಂದು ಒಂದು ಸಣ್ಣ ಸಾರಥಿಯನ್ನು ಬರೆದು, ಅದರ ಒಳಗುಟ್ಟನ್ನೆಲ್ಲ ಜಾಲದಲ್ಲಿ ಇಟ್ಟುಬಿಟ್ಟ. ನೋಡಿ, ತಪ್ಪಿದ್ದರೆ ತಿದ್ದಿ ಎಂದ. ಬೇರೆ ಬೇರೆ ದೇಶದವರು ನೋಡಿದರು, ತಿದ್ದಿದರು, ತಿದ್ದಿದ್ದನ್ನು ಮರಳಿ ಕಳಿಸಿದರು. ಅದಕ್ಕೆ ಲಿನಕ್ಸ್ ಎಂದು ಹೆಸರಾಯಿತು. ಇವತ್ತು ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಮೊಬೈಲಾದರೆ ಅದರ ಒಳಗೆ ಕೂತಿರುವ ಸಾರಥಿ ಇದೇ ಲಿನಕ್ಸ್. ಲೋಕದ ಅತಿ ದೊಡ್ಡ ಐನೂರು ಕಂಪ್ಯೂಟರುಗಳ ಪಟ್ಟಿಯನ್ನು ೨೦೧೭ರಲ್ಲಿ ನೋಡಿದಾಗ ಐನೂರೂ ಲಿನಕ್ಸಿನವೇ ಆಗಿದ್ದವು.

ಪುಕ್ಕಟೆ ಕೊಟ್ಟದ್ದು ಪೋಲಾಗದೆ ಬೆಳೆದದ್ದು ಹೇಗೆ? ಅಲ್ಲಿ ಎರಡು ಕಟ್ಟುಪಾಡುಗಳಿದ್ದವು. ಇವೆರಡನ್ನು ನೆನಪಿನಲ್ಲಿಡಿ.

ಮೊದಲನೆಯದು ಮುಯ್ಯಿಯ ಕರಾರು. ೧೯೯೨ರಿಂದ ಲಿನಕ್ಸಿಗೆ ಒಂದು ಲಿಖಿತ ಷರತ್ತು ಉಂಟು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬದಲಾಯಿಸಬಹುದು, ಮಾರಲೂಬಹುದು. ಆದರೆ ಬದಲಾಯಿಸಿದ್ದನ್ನು ಬೇರೆಯವರಿಗೆ ಕೊಡುವಾಗ ಅದರ ಒಳಗುಟ್ಟನ್ನೂ ಜೊತೆಗೇ ಕೊಡಬೇಕು. ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುವಂತಿಲ್ಲ. ನಮ್ಮ ಮುಯ್ಯಾಳಿನ ನಿಯಮವೇ ಕಾಗದದ ಮೇಲೆ ಬಂದಂತಾಯಿತು.

ಎರಡನೆಯದು ಪರೀಕ್ಷೆ. ಯಾರೋ ಕಳಿಸಿದರೆಂದು ಕೂಡಲೇ ಸೇರಿಸಿಕೊಳ್ಳುವುದಿಲ್ಲ. ಎಲ್ಲರ ಕಣ್ಣಮುಂದೆ ಅದು ಚರ್ಚೆಯಾಗಬೇಕು. ಆ ಭಾಗ ನೋಡಿಕೊಳ್ಳುವ ಹಿರಿಯ ಒಪ್ಪಬೇಕು. ಪ್ರತಿ ತುಣುಕಿನ ಜೊತೆಗೂ ಕೊಟ್ಟವನ ಹೆಸರಿನ ರುಜು ಇರಬೇಕು.

ಒಳ್ಳೇದು, ಪುಕ್ಕಟೆ ವಸ್ತುವಿನಿಂದ ವ್ಯಾಪಾರ ಹೇಗಾದೀತು ಎಂದು ನೀವು ಕೇಳಬಹುದು. ನೇಗಿಲಿನ ಅಳತೆ ಎಲ್ಲರಿಗೂ ಗೊತ್ತು, ಆದರೂ ಬಡಗಿಯ ಮನೆಯ ಮುಂದೆ ಜನ ನಿಂತೇ ಇರುತ್ತಾರಲ್ಲ, ಹಾಗೆ. ರೆಡ್ ಹ್ಯಾಟ್ ಎಂಬ ಅಮೆರಿಕದ ಕಂಪನಿ ಲಿನಕ್ಸನ್ನು ಗಿರಾಕಿಗಳಿಗೆ ಹೊಂದಿಸಿಕೊಡುವುದು, ಕೆಟ್ಟರೆ ಸರಿಮಾಡುವುದು, ಇದನ್ನೇ ಕಸುಬು ಮಾಡಿಕೊಂಡಿತು. ೨೦೧೯ರಲ್ಲಿ ಐ.ಬಿ.ಎಂ. ಕಂಪನಿ ಅದನ್ನು ಸುಮಾರು ೩,೪೦೦ ಕೋಟಿ ಡಾಲರಿಗೆ ಕೊಂಡಿತು. ಒಳಗುಟ್ಟು ಬಯಲಿನಲ್ಲೇ ಇತ್ತು. ಬೆಲೆ ಬಂದದ್ದು ಕೆಲಸ ಬಲ್ಲ ಕೈಗಳಿಗೆ, ಜನರ ನಂಬಿಕೆಗೆ.

ಲಿನಕ್ಸಿನ ಕಥೆ ಕೇಳಿ ಒಬ್ಬ ಚಿನ್ನದ ಗಣಿಯ ಯಜಮಾನ ಏನು ಮಾಡಿದ ಎಂಬುದು ಇನ್ನೂ ಸ್ವಾರಸ್ಯ. ಕೆನಡಾ ದೇಶದ ರೆಡ್ ಲೇಕ್ ಎಂಬಲ್ಲಿ ಗೋಲ್ಡ್‌ಕಾರ್ಪ್ ಕಂಪನಿಗೆ ಗಣಿ ಇತ್ತು. ಹೊಸ ಚಿನ್ನ ಎಲ್ಲಿದೆಯೆಂದು ಅಲ್ಲಿನವರಿಗೆ ತಿಳಿಯದೆ ಕೆಲಸ ಕುಂಟುತ್ತಿತ್ತು. ಯಜಮಾನ ರಾಬ್ ಮೆಕ್‌ಇವನ್ ೧೯೯೯ರಲ್ಲಿ ಒಂದು ಸಭೆಯಲ್ಲಿ ಲಿನಕ್ಸಿನ ಸಂಗತಿ ಕೇಳಿದ. ಮರುವರ್ಷ ೨೦೦೦ದಲ್ಲಿ, ಯಾವ ಗಣಿಯವನೂ ಹೊರಗೆ ಬಿಡದ ಭೂಪರೀಕ್ಷೆಯ ದಾಖಲೆಗಳನ್ನೆಲ್ಲ ಜಾಲದಲ್ಲಿ ಹಾಕಿಬಿಟ್ಟ! ಎಲ್ಲಿ ಅಗೆಯಬೇಕೆಂದು ತೋರಿಸಿಕೊಡಿ, ೫,೭೫,೦೦೦ ಡಾಲರು ಬಹುಮಾನ ಎಂದು ಸಾರಿದ. ಆ ಕಸುಬಿನವರು ಇವನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡಿರಬೇಕು. ಆದರೆ ಹಲವು ದೇಶಗಳಿಂದ ಉತ್ತರ ಬಂತು. ಮೊದಲ ಬಹುಮಾನ ಪಡೆದವರು ಆಸ್ಟ್ರೇಲಿಯಾದವರು. ಅವರು ಆ ಗಣಿಯನ್ನು ಕಣ್ಣಾರೆ ಕಂಡವರಲ್ಲ. ಹೊರಗಿನವರು ತೋರಿಸಿದ ಎಷ್ಟೋ ಜಾಗಗಳಲ್ಲಿ ಚಿನ್ನ ಸಿಕ್ಕಿತು, ಕಂಪನಿ ಚೇತರಿಸಿಕೊಂಡಿತು.

ಇಲ್ಲಿ ಒಂದು ಸಂಗತಿ ಗಮನಿಸಿ. ಮೆಕ್‌ಇವನ್ ನಕ್ಷೆ ಕೊಟ್ಟ, ನೆಲ ಕೊಡಲಿಲ್ಲ. ಬುದ್ಧಿ ಹೇಳಿದವರಿಗೆ ಸಿಗುವುದೆಷ್ಟು ಎಂಬುದನ್ನೂ ಮೊದಲೇ ಹೇಳಿದ್ದ. ಕೊಡುವುದೆಂದರೆ ಕಣ್ಣು ಮುಚ್ಚಿ ಎಲ್ಲವನ್ನೂ ಸುರಿಯುವುದಲ್ಲ.

ಡೆನ್ಮಾರ್ಕಿನಲ್ಲಿ ಮಕ್ಕಳ ಆಟದ ತುಂಡುಗಳನ್ನು ಮಾಡುವ ಲೆಗೊ ಎಂಬ ಕಂಪನಿಯದೂ ಇದೇ ದಾರಿ. ಯಾರು ಬೇಕಾದರೂ ಜಾಲದಲ್ಲಿ ಹೊಸ ಆಟಿಕೆಯ ಮಾದರಿ ತೋರಿಸಬಹುದು. ಹತ್ತು ಸಾವಿರ ಜನ ಮೆಚ್ಚಿದರೆ ಕಂಪನಿ ಅದನ್ನು ಪರಿಶೀಲಿಸುತ್ತದೆ. ಆಯ್ಕೆಯಾಗಿ ಮಾರಾಟಕ್ಕೆ ಬಂದರೆ ಮಾದರಿ ಕೊಟ್ಟವರಿಗೆ ನಿವ್ವಳ ಮಾರಾಟದಲ್ಲಿ ನೂರಕ್ಕೆ ಒಂದು ಪಾಲು. ಪಾಲು ಚಿಕ್ಕದೇ. ಆದರೆ ಅದು ಎಲ್ಲರಿಗೂ ಮೊದಲೇ ಗೊತ್ತಿರುವ ಪಾಲು.

ಇನ್ನು ನಮ್ಮ ಕಸುಬಿಗೇ ಬರೋಣ. ಅಮೆರಿಕದಲ್ಲಿ ಫಾರ್ಮ್ ಹ್ಯಾಕ್ ಎಂದೊಂದು ರೈತರ ಕೂಟ ಶುರುವಾಯಿತು. ದೊಡ್ಡ ಕಂಪನಿಗಳ ಯಂತ್ರಗಳು ದೊಡ್ಡ ಹಿಡುವಳಿಗೆ ಸರಿ, ಸಣ್ಣ ಹೊಲದವನಿಗೆ ಹೊಂದುವುದಿಲ್ಲ. ಆದುದರಿಂದ ಸಣ್ಣ ರೈತರೂ ಎಂಜಿನಿಯರುಗಳೂ ಕಲೆತು ತಮಗೆ ಬೇಕಾದ ಸಾಧನಗಳನ್ನು ತಾವೇ ಮಾಡಿ, ಅಳತೆ ಸಮೇತ ನಕ್ಷೆಗಳನ್ನು ಜಾಲದಲ್ಲಿ ಇಟ್ಟರು. ಕಾಲಿನಿಂದ ತುಳಿದು ಓಡಿಸುವ ಕಳೆಯಂತ್ರ ಒಂದು. ಸಸಿಮನೆಯ ಕಾವು ಹೆಚ್ಚುಕಡಿಮೆಯಾದರೆ ರೈತನ ಮೊಬೈಲಿಗೆ ಸುದ್ದಿ ಕಳಿಸುವ ಕಾವಲು ಪೆಟ್ಟಿಗೆ ಮತ್ತೊಂದು. ಫ್ರಾನ್ಸಿನಲ್ಲಿ ಲಾತೆಲಿಯೇ ಪೆಯಿಜಾಂ ಎಂಬ ಸಹಕಾರಿ ಸಂಸ್ಥೆಯೂ ಇಂಥದೇ ಕೆಲಸ ಮಾಡುತ್ತಿದೆ. ಅಲ್ಲಿ ನಕ್ಷೆ ಕೊಡುವುದಷ್ಟೇ ಅಲ್ಲ, ರೈತರನ್ನು ಕೂಡಿಸಿ ಕಬ್ಬಿಣ ಬೆಸೆಯುವುದನ್ನೂ ಕಲಿಸುತ್ತಾರೆ. ತಾನೇ ಮಾಡಿದ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳಬಹುದಲ್ಲವೆ?

ಪರದೇಶದ ಮಾತಾಯಿತು, ನಮ್ಮಲ್ಲೇನಿದೆ ಎಂದಿರಾ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲುಂಟು. ಆ ಗಾದೆಯನ್ನು ಸುಳ್ಳು ಮಾಡಲೆಂದೇ ಒಂದು ಕೆಲಸ ನಡೆದಿದೆ. ಅಹಮದಾಬಾದಿನ ಐ.ಐ.ಎಂ. ಎಂಬ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅನಿಲ್ ಗುಪ್ತರು ೧೯೮೦ರ ದಶಕದ ಕೊನೆಯಲ್ಲಿ ಜೇನ್ನೊಣ ಜಾಲ ಎಂಬುದನ್ನು ಆರಂಭಿಸಿದರು. ಜೇನ್ನೊಣ ಹೂವಿನಿಂದ ಮಕರಂದ ತೆಗೆದುಕೊಂಡರೂ ಹೂವು ಬಡವಾಗುವುದಿಲ್ಲ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಕಾಯಿ ಕಟ್ಟುವಂತೆ ಮಾಡುತ್ತದೆ. ಹಳ್ಳಿಯವರ ಬುದ್ಧಿಯನ್ನು ಪೇಟೆಯ ವಿದ್ವಾಂಸರು ತೆಗೆದುಕೊಳ್ಳುವುದಾದರೂ ಹಾಗೇ ಇರಬೇಕೆಂಬುದು ಅವರ ವಾದ. ಹೇಳಿದವರ ಹೆಸರು ಬರೆಯಬೇಕು. ಅವರ ಒಪ್ಪಿಗೆ ಪಡೆಯಬೇಕು. ಕಲಿತದ್ದನ್ನು ಅವರ ಭಾಷೆಯಲ್ಲೇ ಅವರಿಗೆ ಮರಳಿಸಬೇಕು. ಲಾಭ ಬಂದರೆ ಪಾಲು ಕೊಡಬೇಕು. ಈ ಜಾಲದ ಪತ್ರಿಕೆ ಹಲವು ಭಾಷೆಗಳಲ್ಲಿ ಬಂತು. ಕನ್ನಡದಲ್ಲಿ ಅದಕ್ಕೆ ಇಟ್ಟ ಹೆಸರು 'ಹಿತ್ತಲಗಿಡ'.

೨೦೦೦ದಲ್ಲಿ ಭಾರತ ಸರ್ಕಾರದ ವಿಜ್ಞಾನ ಇಲಾಖೆಯ ನೆರವಿನಿಂದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಏರ್ಪಟ್ಟಿತು. ಅದು ಗುಜರಾತಿನ ಗಾಂಧಿನಗರದ ಬಳಿ ಇದೆ. ಹಳ್ಳಿಯವರು ತಾವಾಗಿ ಕಂಡುಹಿಡಿದ ಸಾಧನಗಳನ್ನು ಪರೀಕ್ಷಿಸುವುದು, ಅವರ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಲು ನೆರವಾಗುವುದು ಅದರ ಕೆಲಸ. ಗುಜರಾತಿನ ವಾಂಕಾನೇರಿನ ಕುಂಬಾರ ಮನ್ಸುಖ್‌ಭಾಯಿ ಪ್ರಜಾಪತಿಯವರು ವಿದ್ಯುತ್ ಬೇಡದ ಮಣ್ಣಿನ ತಂಪುಪೆಟ್ಟಿಗೆ ಮಾಡಿ ಹೆಸರಾದರು. ನೀರು ಆವಿಯಾಗುವಾಗ ಒಳಗೆ ತಂಪಾಗುತ್ತದೆ, ನಮ್ಮ ಮಣ್ಣಿನ ಹೂಜಿಯ ಹಾಗೆಯೇ. ಇಂಥವರ ಕೈಕೆಲಸ ಊರು ದಾಟಿ ವ್ಯಾಪಾರವಾಗಿ ಬೆಳೆಯಲು ಈ ಜಾಲ ನೆರವಾಗಿದೆ.

ಈಗ ನಮ್ಮ ಎಡೆಕುಂಟೆಯ ಮನೆಗೆ ವಾಪಸು ಬರೋಣ. ಆ ತಾಯಿಗೆ ಏನು ಹೇಳೋಣ?

ಮೊದಲು ಗಂಡಹೆಂಡಿರು ಕೂತು ಒಂದು ತೀರ್ಮಾನ ಮಾಡಿಕೊಳ್ಳಬೇಕು: ಇದನ್ನು ನಾವೇ ಮಾಡಿ ಮಾರಬೇಕೋ, ಹತ್ತು ಜನರಿಗೆ ಕೊಟ್ಟು ಬೆಳೆಸಬೇಕೋ? ಎರಡೂ ದಾರಿ ಸರಿಯೇ. ಆದರೆ ಮೊದಲೇ ಆರಿಸಿಕೊಳ್ಳಬೇಕು. ಯಾಕೆಂದರೆ ಪೇಟೆಂಟು ಸಿಗುವುದು ಹೊಸ ವಸ್ತುವಿಗೆ ಮಾತ್ರ. ಸಿಕ್ಕರೆ ಇಪ್ಪತ್ತು ವರ್ಷದ ಹಕ್ಕು. ಅರ್ಜಿಗೆ ಮುಂಚೆಯೇ ಫೋಟೋ, ಅಳತೆ ಎಲ್ಲವನ್ನೂ ಬಯಲಿಗೆ ಹಾಕಿದರೆ ಅದು ಹೊಸದೆನಿಸಿಕೊಳ್ಳುವುದು ಕಷ್ಟ. ಮಾರುವ ಆಸೆಯಿದ್ದರೆ ಅರ್ಜಿ ಮುಂದೆ, ಫೋಟೋ ಹಿಂದೆ. ಇನ್ನೊಂದು ಮಾತು: ಬೇಸಾಯದ ಪದ್ಧತಿಗೆ, ಅಂದರೆ ಹೀಗೆ ಬಿತ್ತಿದೆ ಹಾಗೆ ನೀರು ಕೊಟ್ಟೆ ಎಂಬುದಕ್ಕೆ, ನಮ್ಮ ಕಾನೂನಿನಲ್ಲಿ ಪೇಟೆಂಟು ಇಲ್ಲ. ಹೊಸ ಸಾಧನಕ್ಕೆ ಉಂಟು.

ಕೊಟ್ಟು ಬೆಳೆಸುವುದೆಂದಾದರೆ ಅರೆಬರೆ ಬೇಡ. ಹೆಸರು, ಊರು, ತಾರೀಖು, ಅಳತೆ ಎಲ್ಲವನ್ನೂ ಬರೆದು, ಎಲ್ಲರೂ ಕಾಣುವ ಕಡೆ ಇಡಿ. ಮುಚ್ಚಿದ ಗುಂಪಿನಲ್ಲಿ ಹಾಕಿದ್ದಕ್ಕೆ ನಾಳೆ ಸಾಕ್ಷಿ ಸಿಗುವುದು ಕಷ್ಟ. ಹೀಗೆ ಬಹಿರಂಗವಾಗಿ ಇಟ್ಟದ್ದನ್ನು ಪೇಟೆಯವನು ನೋಡಿ ಮಾಡಬಹುದು, ನಿಜ. ಆದರೆ ಇದು ನಾನೇ ಕಂಡುಹಿಡಿದದ್ದು ಎಂದು ಹಕ್ಕು ಹಿಡಿದು ನಿಮ್ಮ ಕೈ ಕಟ್ಟಲಾರ. ನಿಮಗೆ ಬರುವುದೇನು? ಕೆಂಪುಮಣ್ಣಿನವನು ಅಲಗಿನ ಓರೆ ತಿದ್ದಿ ಹೇಳುತ್ತಾನೆ, ಎರೆಮಣ್ಣಿನವನು ಗಾಲಿ ಹೂತುಹೋಗದ ಹಾಗೆ ಅಗಲ ಮಾಡಿ ತೋರಿಸುತ್ತಾನೆ. ಮೂರು ತಿಂಗಳಲ್ಲಿ ಒಬ್ಬನಿಗೆ ಹೊಳೆಯದ್ದು ಮೂರು ದಿನದಲ್ಲಿ ಹತ್ತು ಜನರಿಂದ ಬರಬಹುದು. ಬೇಕಾದವರು ಮೊದಲು ಕೇಳಿಕೊಂಡು ಬರುವುದೂ ನಿಮ್ಮ ಮನೆಗೇ.

ತಳಿಯ ವಿಚಾರ ಬೇರೆ. ನಿಮ್ಮ ಮನೆತನ ಕಾಪಾಡಿಕೊಂಡು ಬಂದ ರಾಗಿಯೋ ಭತ್ತವೋ ಇದ್ದರೆ, ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ಅದನ್ನು ರೈತರ ತಳಿ ಎಂದು ನೋಂದಾಯಿಸಬಹುದು. ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನೂ ಆ ಕಾಯಿದೆ ಕೊಟ್ಟಿದೆ.

ಕೊನೆಯದಾಗಿ ತೆಗೆದುಕೊಳ್ಳುವವರಿಗೂ ಒಂದು ಎಚ್ಚರಿಕೆ. ರೋಗ ಬಂದ ಎಲೆಯ ಫೋಟೋ ಗುಂಪಿಗೆ ಹಾಕಿದರೆ ಗಳಿಗೆಯಲ್ಲಿ ಹತ್ತು ಔಷಧಿಯ ಹೆಸರು ಬರುತ್ತದೆ. ಹೇಳಿದವನು ರೈತನೋ, ಅಂಗಡಿಯವನೋ, ಬರೀ ಬಾಯಿಮಾತಿನವನೋ? ಲಿನಕ್ಸಿನವರ ಎರಡನೆಯ ಕಟ್ಟುಪಾಡು ನೆನಪಿರಲಿ, ಪರೀಕ್ಷೆಯಿಲ್ಲದೆ ಸೇರಿಸಬೇಡಿ. ನೀವು ಯಾವ ಮಣ್ಣಿನಲ್ಲಿ, ಯಾವ ಬೆಳೆಗೆ, ಎಷ್ಟು ದಿನದ ಪೈರಿಗೆ ಮಾಡಿದ್ದು ಎಂದು ಕೇಳಿ. ವಿಷದ ಔಷಧಿಯಾದರೆ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸದೆ ಕೈ ಹಾಕಬೇಡಿ. ಬೇರೆ ಉಪಾಯವಾದರೆ ಒಂದು ಸಾಲಿನಲ್ಲಿ ಮಾಡಿ ನೋಡಿ, ಆಮೇಲೆ ಹೊಲಕ್ಕೆಲ್ಲ. ಮಾಡಿ ನೋಡಿದ ಮೇಲೆ ಏನಾಯಿತೆಂದು ಗುಂಪಿಗೆ ಮರಳಿ ತಿಳಿಸಿ. ಫಲ ಕೊಡಲಿಲ್ಲವಾದರೆ ಅದನ್ನೂ ತಿಳಿಸಿ. ಇದೇ ನೀವು ತೀರಿಸುವ ಮುಯ್ಯಿ. ತುಂಬಾ ಜನ ಇದನ್ನೇ ಮರೆಯುತ್ತಾರೆ. ಬುದ್ಧಿ ಕೇಳುವಾಗ ನೂರು ಜನ, ಫಲ ಹೇಳುವಾಗ ಒಬ್ಬರೂ ಇಲ್ಲ ಎಂದಾದರೆ ಆ ಗುಂಪು ಹೆಚ್ಚು ದಿನ ಬಾಳುವುದಿಲ್ಲ.

ಆದ್ದರಿಂದ ತಾಯಂದಿರೇ, ನಿಮ್ಮ ಮನೆಯವರು ಏನಾದರೂ ಹೊಸದು ಮಾಡಿ ಫೋಟೋ ತೆಗೆಯಲು ನಿಂತಾಗ ಬೇಡವೆನ್ನಬೇಡಿ. "ಹೆಸರು ಬರೆದ್ರಾ? ತಾರೀಖು ಹಾಕಿದ್ರಾ? ಮಾರೋದೋ ಕೊಡೋದೋ ನಿಶ್ಚಯ ಆಯ್ತಾ?" ಎಂದು ಈ ಮೂರು ಮಾತು ಕೇಳಿ. ಹಾಗೆಯೇ ನೀವು ಕಂಡುಕೊಂಡ ಉಪಾಯಗಳಿಗೆ, ಕಾಳಿಗೆ ಹುಳ ಬೀಳದಂತೆ ಮಾಡುವುದಾಗಲಿ ಕರುವಿನ ಆರೈಕೆಯಾಗಲಿ, ನಿಮ್ಮ ಹೆಸರನ್ನೇ ಬರೆಯಿರಿ, ಮನೆಯ ಯಜಮಾನನ ಹೆಸರನ್ನಲ್ಲ.