ಕುಮಟಾ ಹತ್ತಿ, ದೇವಗಡದ ದೀಪ

"ಅಲ್ಲೋ, ಅಷ್ಟೆತ್ತರದ ದೀಪಕ್ಕೆ ಎಣ್ಣೆ ಯಾರು ಹಾಕ್ತಾರೆ?"

ದೋಣಿ ಕಾರವಾರದ ದಂಡೆ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ದೊಡ್ಡಮ್ಮ ಲೈಫ್ ಜಾಕೆಟ್ಟಿನ ಮೇಲೆ ಸೆರಗು ಬಿಗಿದುಕೊಂಡು, ದೇವಗಡ ನಡುಗಡ್ಡೆಯ ನೆತ್ತಿಯ ಮೇಲಿನ ದೀಪಸ್ತಂಭವನ್ನೇ ದಿಟ್ಟಿಸುತ್ತಿದ್ದಳು. ಎಪ್ಪತ್ತು ದಾಟಿದ ಮೇಲೆ ಅವಳು ನೋಡುತ್ತಿದ್ದ ಮೊದಲ ಕಡಲು ಅದು. ಉಡುತಡಿಯಲ್ಲಿ ಅವಳ ಮಧ್ಯಾಹ್ನಗಳು ಅಕ್ಕಮಹಾದೇವಿಯ ಗುಡಿಗೆ ಬತ್ತಿ ಹೊಸೆಯುವುದರಲ್ಲೇ ಕಳೆಯುತ್ತವೆ. ದೀಪ ಎಂದರೆ ಎಣ್ಣೆ, ಎಣ್ಣೆ ಎಂದರೆ ಅದನ್ನು ಹಾಕುವ ಒಂದು ಕೈ; ಅವಳಿಗೆ ಇದರಲ್ಲಿ ಅನುಮಾನವಿಲ್ಲ.

"ಈಗ ಎಣ್ಣೆ ಎಲ್ಲಿದೆ ಅಮ್ಮಾ, ಕರೆಂಟ್ ದೀಪ" ಎಂದ ದೋಣಿಯವನು. ಅವಳಿಗೆ ಆ ಉತ್ತರ ಸಾಲಲಿಲ್ಲ.

ನಮ್ಮ ಶಿಕಾರಿಪುರದ ಮಣ್ಣಿನವರಿಗೆ ಪಡುವಣ ಕಡಲು ದೂರದ್ದು. ಕುಮುದ್ವತಿಯೂ ವರದೆಯೂ ಮೂಡಣಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತವೆ. ನಮ್ಮ ಮಾಡಿನ ಮೇಲೆ ಬಿದ್ದ ಮಳೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಸೊರಬ ದಾಟಿ, ಶಿರಸಿ ಮುಟ್ಟಿದ ಮೇಲಷ್ಟೇ ಹಳ್ಳಗಳ ಮುಖ ಪಡುವಣಕ್ಕೆ ತಿರುಗುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ದೊಡ್ಡಮ್ಮ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಆ ತಿರುವುಗಳಲ್ಲಿ ಹಿಂದೆ ಇಳಿದುಹೋದ ಹತ್ತಿಯ ಗಾಡಿಗಳನ್ನು ನೆನೆಯುತ್ತಿದ್ದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಇದೇ ದಾರಿಯಲ್ಲಿ ಕುಮಟೆಗೆ ಇಳಿಯುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಇಂಗ್ಲೆಂಡಿಗೆ. ಬೆಳೆದದ್ದು ಬಯಲುಸೀಮೆಯ ಎರೆಹೊಲದಲ್ಲಿ; ಆದರೆ ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ಆ ತಳಿಗೆ ಬಿದ್ದ ಹೆಸರು 'ಕುಮಟಾ ಹತ್ತಿ'. ಒಂದು ಬಂದರು ಘಟ್ಟದ ಮೇಲಿನವರ ದುಡಿಮೆಗೆ ತನ್ನ ಹೆಸರನ್ನೇ ಇಟ್ಟುಬಿಟ್ಟಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿದ್ದು, ಲಂಕಾಷೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಮೇಲೆ ನೆಟ್ಟಿತು. ಆದರೆ ಕುಮಟೆಯದು ಮರೆಯಿಲ್ಲದ ಬಯಲು ಬಂದರು. ಕಾರವಾರದ ಕೊಲ್ಲಿಗೆ ಗುಡ್ಡಗಳ, ನಡುಗಡ್ಡೆಗಳ ಮರೆಯಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಳಚಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾಳಿ ನದಿಯ ಮುಖದ ಸದಾಶಿವಗಡದಲ್ಲಿ ಹತ್ತಿಯ ವ್ಯವಹಾರಕ್ಕೆ ಕಂಪನಿಗಳು ಬಂದವು. ಘಟ್ಟ ಕಡಿದು ರಸ್ತೆ ಮಾಡಿದರು. ಅದೇ ಭರದಲ್ಲಿ, 1864ರಲ್ಲಿ, ದೇವಗಡದ ದೀಪ ಹೊತ್ತಿತು. ನಾವಿಕರ ನಕ್ಷೆಯಲ್ಲಿ ಈ ಗುಡ್ಡಗಳ ಹೆಸರು ಆಯ್ಸ್ಟರ್ ರಾಕ್ಸ್. ದಂಡೆಯವರ ಬಾಯಲ್ಲಿ ಅದು ಇವತ್ತಿಗೂ ದೇವಗಡ.

ಒಂದು ವರ್ಷಕ್ಕೆ ಅಮೆರಿಕದ ಯುದ್ಧ ನಿಂತಿತು, ಹತ್ತಿಯ ಬೆಲೆ ಕುಸಿಯಿತು. 1880ರ ದಶಕದಲ್ಲಿ ರೈಲು ಬಂದಾಗ ಅದು ಓಡಿದ್ದು ಗೋವಾದ ಮುರಗಾಂವಿನ ಕಡೆಗೆ. ಹುಬ್ಬಳ್ಳಿಯಿಂದ ಈ ಕಡಲಿಗೆ ನೇರ ರೈಲು ಇವತ್ತಿಗೂ ಇಲ್ಲ. ಅಂಕೋಲೆಗೆ ಹಳಿ ಹಾಕುವ ಮಾತು ಕಾಡಿನ ಪ್ರಶ್ನೆಯ ಮುಂದೆ ದಶಕಗಳಿಂದ ನಿಂತಿದೆ. ಕಾಡನ್ನು ಕಳೆದುಕೊಂಡು ಆ ರೈಲು ಬೇಡವೆಂದೇ ನನ್ನ ಮನಸ್ಸು ಹೇಳುತ್ತದೆ. ಆದರೂ ಹತ್ತಿಯ ಹಡಗುಗಳು ಬಾರದೆ ಹೋದ ಸಾವಿರಾರು ಇರುಳು ಈ ದೀಪವನ್ನು ಹೊತ್ತಿಸಿದವರನ್ನು ನೆನೆದರೆ ಎದೆ ಭಾರವಾಗುತ್ತದೆ.

ದೋಣಿ ದೇವಗಡ ಮುಟ್ಟಿದಾಗ ದೊಡ್ಡಮ್ಮ ಕೆಳಗೆ ಬಂಡೆಯ ನೆರಳಲ್ಲೇ ಕುಳಿತಳು. ನಾನು ಗುಡ್ಡ ಹತ್ತಿದೆ. ಮುಳ್ಳುಪೊದೆ, ಉಪ್ಪುಗಾಳಿ, ಕಾಲಡಿಗೆ ಜಾರುವ ಜಲ್ಲಿ. ಗೋಪುರ ದೊಡ್ಡದಲ್ಲ. ಎತ್ತರವನ್ನೆಲ್ಲ ಗುಡ್ಡವೇ ಕೊಟ್ಟಿದೆ. ದೀಪವಿರುವುದು ಸಮುದ್ರಮಟ್ಟದಿಂದ ಸುಮಾರು 200 ಅಡಿ ಮೇಲೆ. ಭೂಮಿ ದುಂಡಗಿರುವುದರಿಂದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಎತ್ತರವಿಲ್ಲದೆ ದೂರಕ್ಕೆ ಕಾಣುವುದಿಲ್ಲ. ಇಷ್ಟು ಎತ್ತರದಲ್ಲಿಟ್ಟರೆ ನೀರಿನ ಮಟ್ಟಕ್ಕೇ ಸುಮಾರು 30 ಕಿಲೋಮೀಟರು, ಹಡಗಿನ ಅಟ್ಟದ ಮೇಲೆ ನಿಂತವನಿಗೆ ಇನ್ನೂ ಆಚೆಗೆ ಕಂಡೀತು.

ಮೇಲಿಂದ ಉತ್ತರಕ್ಕೆ ಸದಾಶಿವಗಡದ ಗುಡ್ಡ, ಅದರ ಬುಡದಲ್ಲಿ ಕಡಲಿಗೆ ಬೀಳುವ ಕಾಳಿ. ಹತ್ತಿರದಲ್ಲೇ ಕೂರ್ಮಗಡ ನಡುಗಡ್ಡೆ. ಅಲ್ಲಿನ ನರಸಿಂಹನ ಜಾತ್ರೆಗೆ ಹೋದವರ ದೋಣಿ 2019ರ ಜನವರಿಯಲ್ಲಿ ಮಗುಚಿ ಜೀವಗಳು ಹೋದವು. ದೊಡ್ಡಮ್ಮನಿಗೆ ಜಾಕೆಟ್ಟು ತೊಡಿಸುವಾಗ ನಾನು ಎರಡೆರಡು ಸಲ ಪಟ್ಟಿ ಎಳೆದು ನೋಡಿದ್ದು ಅದಕ್ಕೇ. ತೆಂಕಣಕ್ಕೆ ನೌಕಾನೆಲೆ. ಅದರ ಹೆಸರು ಐಎನ್‌ಎಸ್ ಕದಂಬ. ಕದಂಬರ ಮಯೂರಶರ್ಮ ಕಂಚಿಗೆ ಹೋದ ಕಥೆಯನ್ನು ಹೇಳುವ ಕಲ್ಲುಕಂಬ ನಿಂತಿರುವುದು ನಮ್ಮದೇ ತಾಲ್ಲೂಕಿನ ತಾಳಗುಂದದಲ್ಲಿ. ಕಡಲೇ ಕಾಣದ ಊರಿನ ಕಂಬದ ಮೇಲಿನ ಹೆಸರು ಯುದ್ಧನೌಕೆಗಳ ದಡದಲ್ಲಿ ಕಂಡಾಗ, ಪರಊರಿನಲ್ಲಿ ನೆಂಟರು ಸಿಕ್ಕಷ್ಟು ಹಿಗ್ಗಾಯಿತು.

ಇಳಿದು ಬಂದಾಗ ದೊಡ್ಡಮ್ಮ ತನ್ನ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. "ಕರೆಂಟು ಬರೋಕೆ ಮುಂಚೆ?"

ಅವಳಿಗೆ ಹೇಳತೊಡಗಿದೆ. ಆ ಕಾಲದ ದೀಪಸ್ತಂಭಗಳಲ್ಲಿ ಎಣ್ಣೆಯೇ ಉರಿಯುತ್ತಿತ್ತು. ಕಾವಲಿನವರು ಇರುಳೆಲ್ಲ ಎಚ್ಚರವಿದ್ದು ಬತ್ತಿಯ ಕುಡಿ ಕತ್ತರಿಸಬೇಕು, ಬೆಳಗಾದರೆ ಗಾಜಿನ ಮಸಿ ಒರೆಸಬೇಕು. ಉರಿಯ ಸುತ್ತ ಮನುಷ್ಯನೆತ್ತರದ ಗಾಜಿನ ಗೂಡು. ಫ್ರಾನ್ಸಿನ ಫ್ರೆನೆಲ್ ಎಂಬಾತ 1820ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು: ದಪ್ಪನೆಯ ಒಂದೇ ಮಸೂರದ ಬದಲು ಗಾಜಿನ ಪಟ್ಟಿಗಳನ್ನು ಸುತ್ತುಸುತ್ತಾಗಿ ಜೋಡಿಸಿ, ಮುಗಿಲಿಗೂ ನೆಲಕ್ಕೂ ಚೆದುರಿಹೋಗುವ ಬೆಳಕನ್ನು ಹಿಡಿದು ದಿಗಂತದತ್ತ ತಿರುಗಿಸುವುದು. ಮೊದಲ ದರ್ಜೆಯ ದೀಪಗಳಲ್ಲಿ ಹತ್ತಿಯ ನಾಲ್ಕು ಬತ್ತಿ, ಕೊಳವೆಯ ಆಕಾರದವು, ಒಂದರೊಳಗೆ ಒಂದು.

"ಕೊಳವೆ ಅಂದ್ರೆ? ಬತ್ತಿ ಹಂಗೆ ನಿಲ್ಲತ್ತಾ?"

ಉರಿಗೆ ಒಳಗಿನಿಂದಲೂ ಹೊರಗಿನಿಂದಲೂ ಗಾಳಿ ಸಿಗಲಿ ಎಂದು ಹಾಗೆ ನೇಯುತ್ತಿದ್ದರು ಎಂದೆ. ಅವಳು ತಲೆಯಾಡಿಸಿದಳು. ಗಾಳಿಯ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಸಂಜೆ ನಾವು ದಂಡೆಯ ಮರಳಲ್ಲಿ ಕೂತೆವು. ಈ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರು; ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಕವಿ ಇಲ್ಲಿಗೆ ಬಂದಿದ್ದರು. ಅವರು ಕಂಡ ಕಾರವಾರದ ಇರುಳಿನಲ್ಲಿಯೂ ಈ ದೀಪವಿತ್ತು. ಕತ್ತಲಾಗುತ್ತಿದ್ದಂತೆ ಗುಡ್ಡ ಕರಗಿತು, ಬೆಳಕೊಂದೇ ಉಳಿಯಿತು. ಹೊಳೆಯಿತು, ಮರೆಯಾಯಿತು. ಒಂದೊಂದು ದೀಪಸ್ತಂಭದ ಮಿನುಗಿಗೂ ಒಂದೊಂದು ಲೆಕ್ಕವಿದೆ, ನಾವಿಕರು ಅದನ್ನು ಎಣಿಸಿಯೇ ಇದು ಯಾವ ಊರೆಂದು ಗುರುತಿಸುತ್ತಾರೆ ಎಂದೆ. ದೊಡ್ಡಮ್ಮ ಬೆರಳು ಮಡಿಸಿ ಎಣಿಸತೊಡಗಿದಳು, ತಪ್ಪಿದಳು, ಮತ್ತೆ ಮೊದಲಿನಿಂದ ಹಿಡಿದಳು.

ಮರುದಿನ ಬಸ್ಸು ಕುಮಟೆ ಬಿಟ್ಟು ದೇವಿಮನೆ ಏರುವಾಗ ಅವಳು ಕಣ್ಣು ಮುಚ್ಚಲಿಲ್ಲ. ಚೀಲದಿಂದ ಹತ್ತಿ ತೆಗೆದು ಹಿಂಜುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೈಯಿಂದ ಒಂದು ಬಳೆ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಹೊರಗಿನ ಬತ್ತಿ ಇಷ್ಟು ಅಗಲ ಇತ್ತೇನೋ?"

ಇದಕ್ಕಿಂತ ತುಸು ಅಗಲವೇ ಇದ್ದೀತು ಎಂದೆ. ಅವಳು ಹಿಂಜಿದ ಹತ್ತಿಯನ್ನು ಬಳೆಯ ಸುತ್ತ ಸುತ್ತಿ ನೋಡಿದಳು.