ತುಣುಕು ಕಂಡರೆ ಹಿಟ್: ಕ್ಲೇ ಟಾರ್ಗೆಟ್ ಸ್ಪರ್ಧೆಗೆ ಹೊಸ ರೆಫರಿ ತಿಳಿದಿರಬೇಕಾದ್ದು

2024ರ ಆಗಸ್ಟ್ 4. ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಸ್ಕೀಟ್ ಫೈನಲ್‌ನಲ್ಲಿ ಚಿಲಿಯ ಫ್ರಾನ್ಸಿಸ್ಕಾ ಕ್ರೊವೆಟ್ಟೊ ಮತ್ತು ಬ್ರಿಟನ್ನಿನ ಆಂಬರ್ ರಟ್ಟರ್ ಸಮಸಮ. ಚಿನ್ನ ಯಾರಿಗೆಂದು ತೀರ್ಮಾನಿಸಲು ಶೂಟ್-ಆಫ್ ನಡೆಯಿತು. ರಟ್ಟರ್ ಗುಂಡು ಹಾರಿಸಿದ ಒಂದು ಟಾರ್ಗೆಟ್ 'ಲಾಸ್ಟ್' (ತಪ್ಪಿತು) ಎಂದು ತೀರ್ಪಾಯಿತು. ಅದಕ್ಕೆ ಗುಂಡು ತಾಗಿದಂತೆ ಟಿ.ವಿ. ಮರುಪ್ರಸಾರದಲ್ಲಿ ಕಂಡರೂ, ವಿಡಿಯೊ ನೋಡಿ ತೀರ್ಪು ಬದಲಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಚಿನ್ನ ಕ್ರೊವೆಟ್ಟೊ ಪಾಲಾಯಿತು. ಮರುದಿನ ಮಿಶ್ರ ತಂಡದ ಸ್ಕೀಟ್‌ನಲ್ಲಿ ನಮ್ಮ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಜೋಡಿ ಚೀನಾಕ್ಕೆ 43–44ರಲ್ಲಿ ಸೋತು ಕಂಚು ಕಳೆದುಕೊಂಡಿತು. ಒಂದೇ ಒಂದು ಟಾರ್ಗೆಟ್ಟಿನ ಅಂತರ.

ಹಾರುವ ತಟ್ಟೆಗೆ ಶಾಟ್‌ಗನ್‌ನಿಂದ ಹೊಡೆಯುವ ಈ ಆಟದಲ್ಲಿ ರೆಫರಿಯ ಕೆಲಸ ಎಷ್ಟು ನಾಜೂಕು ಎಂಬುದಕ್ಕೆ ಇಷ್ಟು ಸಾಕು. ಹೈದರಾಬಾದಿನ ಕೈನಾನ್ ಚೆನೈ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಟ್ರ್ಯಾಪ್ ತಂಡದ ಚಿನ್ನವನ್ನೂ ವೈಯಕ್ತಿಕ ಕಂಚನ್ನೂ ಗೆದ್ದ ಮೇಲೆ ಈ ಭಾಗದಲ್ಲಿ ಆಟದ ಹೆಸರು ಕೇಳಿದವರು ಹೆಚ್ಚಿದ್ದಾರೆ. ಆದರೆ ಶೂಟರ್‌ನ ಹಿಂದೆ ನಿಂತು ತೀರ್ಪು ಹೇಳುವವರ ಕೆಲಸ ಏನೆಂದು ಬಲ್ಲವರು ಕಡಿಮೆ.

ಹೊಡೆಯುವುದು ಏನನ್ನು?

ಟಾರ್ಗೆಟ್ ಎಂದರೆ ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸಿ ಅಚ್ಚು ಹಾಕಿದ ತಟ್ಟೆ. ವ್ಯಾಸ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಟ್ರ್ಯಾಪ್‌ನಲ್ಲಿ ಮುಂದಿನ ಕಂದಕದೊಳಗೆ 15 ಯಂತ್ರಗಳಿರುತ್ತವೆ, ಶೂಟರ್ ನಿಲ್ಲುವ ಒಂದೊಂದು ಸ್ಟೇಷನ್ನಿಗೆ ಮೂರರಂತೆ. ಶೂಟರ್ ಕೂಗಿದೊಡನೆ ಆ ಮೂರರಲ್ಲೊಂದು ತಟ್ಟೆಯನ್ನು ದೂರಕ್ಕೆ ಎಸೆಯುತ್ತದೆ. ಎಡಕ್ಕೋ ಬಲಕ್ಕೋ ನೇರಕ್ಕೋ ಶೂಟರ್‌ಗೆ ಮೊದಲೇ ಗೊತ್ತಿರುವುದಿಲ್ಲ. 25 ಟಾರ್ಗೆಟ್ಟಿನ ಒಂದು ಸುತ್ತಿನಲ್ಲಿ ಅವನಿಗೆ ಎಡಕ್ಕೆ 10, ಬಲಕ್ಕೆ 10, ನೇರಕ್ಕೆ 5 ಸಿಗುತ್ತವೆ. ಅರ್ಹತಾ ಸುತ್ತಿನಲ್ಲಿ ಒಂದು ಟಾರ್ಗೆಟ್ಟಿಗೆ ಎರಡು ತೋಟಾ ಹಾರಿಸಬಹುದು.

ಸ್ಕೀಟ್‌ನಲ್ಲಿ ಎರಡು ಕಡೆ ತಟ್ಟೆ ಎಸೆಯುವ ಎರಡು ಮನೆಗಳು, ಒಂದು ಎತ್ತರದ್ದು, ಒಂದು ತಗ್ಗಿನದ್ದು. ಶೂಟರ್ ಎಂಟು ಸ್ಟೇಷನ್ನುಗಳನ್ನು ಸುತ್ತುತ್ತಾನೆ. ಕೂಗಿದ ಮೇಲೆ ತಟ್ಟೆ ಬರಲು ಮೂರು ಸೆಕೆಂಡಿನವರೆಗೂ ತಡವಾಗಬಹುದು. ಅದು ಕಾಣಿಸುವವರೆಗೆ ಕೋವಿಯ ಹಿಡಿ ಸೊಂಟದ ಬಳಿ, ಜಾಕೆಟ್ಟಿನ ಮೇಲೆ ಅಂಟಿಸಿದ ಪಟ್ಟಿಯ ಹತ್ತಿರವೇ ಇರಬೇಕು. ಹಾಗಾಗಿ ಸ್ಕೀಟ್ ರೆಫರಿ ಆಕಾಶ ನೋಡುವ ಮುನ್ನ ಕೋವಿಯನ್ನು ನೋಡುತ್ತಾನೆ. ಮೊದಲ ಸಲ ಹಿಡಿ ಮೇಲೇರಿದರೆ ಎಚ್ಚರಿಕೆ ಕೊಡುತ್ತಾನೆ, ಅದೇ ಸುತ್ತಿನಲ್ಲಿ ಮತ್ತೆ ಆದರೆ ಟಾರ್ಗೆಟ್ ಹೋದಂತೆಯೇ ಲೆಕ್ಕ.

ಮೊದಲು ಕೋವಿ, ಆಮೇಲೆ ಅಂಕ

 ಸ್ಪರ್ಧೆಗೆಂದು ಹೈದರಾಬಾದಿಗೆ ವಿಮಾನದಲ್ಲಿ ಬರುವ ಶೂಟರ್‌ಗಳು ಇಳಿಯುವುದು ಶಂಶಾಬಾದಿನಲ್ಲಿ. ಅವರ ಕೋವಿಗಳು ಮೊದಲೇ ಘೋಷಿಸಿ, ತೋಟಾ ಇಲ್ಲದೆ, ಪೆಟ್ಟಿಗೆಯಲ್ಲಿ ಬೀಗ ಹಾಕಿ, ವಿಮಾನದ ಹೊಟ್ಟೆಯಲ್ಲಿ ಬರುತ್ತವೆ. ಅಲ್ಲಿಂದ ಔಟರ್ ರಿಂಗ್ ರೋಡ್ ಹಿಡಿದರೆ ಗಚ್ಚಿಬೌಲಿ. ಅಲ್ಲಿನ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಶೂಟಿಂಗ್ ರೇಂಜ್ ಇದೆ.

ಪ್ರಯಾಣದಲ್ಲಿ ಪಾಲಿಸಿದ ಆ ಶಿಸ್ತು ರೇಂಜಿನಲ್ಲಿ ಸಡಿಲವಾಗದಂತೆ ನೋಡಿಕೊಳ್ಳುವುದೇ ರೆಫರಿಯ ಮೊದಲ ಕರ್ತವ್ಯ. ಜೋಡು ನಳಿಗೆಯ ಕೋವಿಯನ್ನು ಮಡಚಿ ತೆರೆದೇ ಹೊತ್ತುಕೊಂಡು ಓಡಾಡಬೇಕು. ತೋಟಾ ಹಾಕುವುದು ತನ್ನ ಸರದಿ ಬಂದಾಗ, ತನ್ನ ಸ್ಟೇಷನ್ನಿನಲ್ಲಿ ಮಾತ್ರ. ಮುಂದಿನ ಸ್ಟೇಷನ್ನಿಗೆ ಸಾಗುವಾಗ ಎರಡೂ ನಳಿಗೆ ಖಾಲಿ ಇರಬೇಕು. ಯಾರೇ ತಪ್ಪಿದರೂ, ಸುತ್ತು ಮಧ್ಯದಲ್ಲಿದ್ದರೂ, ರೆಫರಿ ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಬೇಕು. ಹೊಸಬರು ಇಲ್ಲಿ ಸಂಕೋಚಪಡುತ್ತಾರೆ. ಎದುರಿಗಿರುವವರು ರಾಷ್ಟ್ರೀಯ ಚಾಂಪಿಯನ್ ಆದರೂ ಸಂಕೋಚಪಡಬೇಕಿಲ್ಲ.

ಮೂರು ತೀರ್ಪುಗಳು

ರೆಫರಿ ಹೇಳಬೇಕಾದ್ದು ಮೂರೇ ಮಾತು: ಹಿಟ್, ಲಾಸ್ಟ್, ನೋ ಟಾರ್ಗೆಟ್.

ನಿಯಮದಂತೆ ಹಾರಿದ ತಟ್ಟೆಯಿಂದ ಕಣ್ಣಿಗೆ ಕಾಣುವ ಒಂದು ತುಣುಕಾದರೂ ಬೇರ್ಪಟ್ಟರೆ ಹಿಟ್. ಬರೀ ಧೂಳು ಹಾರಿದರೆ, ಅಥವಾ ತಟ್ಟೆಯ ದಾರಿ ಸ್ವಲ್ಪ ತಿರುಗಿದರೆ ಸಾಲದು. ಫೈನಲ್‌ಗಳಲ್ಲಿ ಬಣ್ಣದ ಪುಡಿ ತುಂಬಿದ ಟಾರ್ಗೆಟ್ ಬಳಸುವುದರಿಂದ ಅಲ್ಲಿ ಪುಡಿ ಹೊರಬಂದರೂ ಹಿಟ್ ಎಂದೇ ಲೆಕ್ಕ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಾದರೆ ಹತ್ತಿರ ಹೋಗಿ ಕಾಯಿ ನೋಡಬಹುದು. ಇಲ್ಲಿ ಆ ಅವಕಾಶವಿಲ್ಲ. ನೆಲಕ್ಕೆ ಬಿದ್ದ ತಟ್ಟೆಯನ್ನು ಎತ್ತಿ ತೂತು ಇದೆಯೇ ಎಂದು ಪರೀಕ್ಷಿಸಬಾರದೆಂದು ನಿಯಮವೇ ಹೇಳುತ್ತದೆ. ಏನಾಯಿತು ಎಂಬುದಕ್ಕಿಂತ ರೆಫರಿಗೆ ಏನು ಕಂಡಿತು ಎಂಬುದರ ಮೇಲೆ ತೀರ್ಪು ನಿಂತಿದೆ. ಆದ್ದರಿಂದ ಶೂಟರ್‌ನ ಮುಖ, ನಳಿಗೆಯ ಹೊಗೆ, ಪ್ರೇಕ್ಷಕರ ಚಪ್ಪಾಳೆ ಯಾವುದರ ಕಡೆಗೂ ಗಮನ ಹರಿಯಬಾರದು. ತಟ್ಟೆ ಹೊರಬಂದಾಗಿನಿಂದ ನೆಲ ಮುಟ್ಟುವವರೆಗೂ ಕಣ್ಣು ಅದರ ಮೇಲೆಯೇ ಇರಬೇಕು. ಅಂಚಿನ ಚೂರು ಕಾಣುವುದು ಎಷ್ಟೋ ಸಲ ಸದ್ದು ಅಡಗಿದ ಮೇಲೆ.

ಯಂತ್ರದಿಂದ ಬರುವಾಗಲೇ ಒಡೆದಿದ್ದರೆ ನೋ ಟಾರ್ಗೆಟ್. ಶೂಟರ್ ಅದಕ್ಕೆ ಗುಂಡು ಹಾರಿಸಿದ್ದರೂ ಲೆಕ್ಕಕ್ಕಿಲ್ಲ, ಇನ್ನೊಂದು ಕೊಡಬೇಕು. ಆದರೆ ಇಡಿಯಾಗಿ ಬಂದ ತಟ್ಟೆಗೆ ಹಾರಿಸಿ ಗುರಿ ತಪ್ಪಿದ ಮೇಲೆ 'ಅದು ತುಂಬಾ ಜೋರಾಗಿ ಬಂತು' ಎಂದರೆ ಕೇಳುವಂತಿಲ್ಲ.

ಕೋವಿ ಕೈಕೊಟ್ಟರೆ

ಗುಂಡು ಹಾರದಿದ್ದರೆ ಶೂಟರ್ ಕೋವಿಯನ್ನು ಟಾರ್ಗೆಟ್ ಹಾರುವ ದಿಕ್ಕಿಗೇ ಹಿಡಿದು, ತೆರೆಯದೆ, ಸೇಫ್ಟಿ ಮುಟ್ಟದೆ, ರೆಫರಿಗಾಗಿ ಕಾಯಬೇಕು. ರೆಫರಿ ಬರುವ ಮುನ್ನ ತೆರೆದುಬಿಟ್ಟರೆ ಲಾಸ್ಟ್. ಸೇಫ್ಟಿ ಹಾಕಿದ್ದಾಗಲಿ ತೋಟಾ ಹಾಕಲು ಮರೆತದ್ದಾಗಲಿ ಕಂಡುಬಂದರೆ ತಪ್ಪು ಶೂಟರ್‌ನದೇ, ಅದೂ ಲಾಸ್ಟ್. ನಿಜವಾದ ದೋಷವಿದ್ದರೆ ಟಾರ್ಗೆಟ್ ಮತ್ತೆ ಸಿಗುತ್ತದೆ. ಒಂದು ಸುತ್ತಿನಲ್ಲಿ ಇಂಥ ರಿಯಾಯಿತಿ ಎರಡೇ ಸಲ.

ತಕರಾರು ಬಂದಾಗ

ತೀರ್ಪು ಒಪ್ಪದ ಶೂಟರ್ ಮುಂದಿನ ಟಾರ್ಗೆಟ್ ಹಾರುವ ಮುನ್ನವೇ ಕೈ ಎತ್ತಬೇಕು. ಆಗ ರೆಫರಿ ಆಟ ನಿಲ್ಲಿಸಿ, ಬದಿಯಲ್ಲಿ ನಿಂತು ನೋಡುವ ಸೈಡ್ ರೆಫರಿಗಳನ್ನು ಕೇಳಬಹುದು. ಅವರು ಹೇಳುವುದು ಅಭಿಪ್ರಾಯ ಮಾತ್ರ, ನಿರ್ಧಾರ ರೆಫರಿಯದೇ. ನಿಯಮ ಅನ್ವಯಿಸಿದ ಬಗೆಯ ಮೇಲಿನ ದೂರು ಜ್ಯೂರಿಯವರೆಗೂ ಹೋಗಬಹುದು. ಹಿಟ್, ಲಾಸ್ಟ್, ನೋ ಟಾರ್ಗೆಟ್ ವಿಷಯದಲ್ಲಿ ಮಾತ್ರ ರೆಫರಿಯ ಮಾತೇ ಕೊನೆ. ಅನುಮಾನ ಬಂದರೆ ಕೇಳುವುದು ಆಗಲೇ. ಮುಂದಿನ ತಟ್ಟೆ ಹಾರಿದ ಮೇಲೆ ಹಿಂದಿನದನ್ನು ಕೆದಕುವಂತಿಲ್ಲ.

ಆರಂಭ ಎಲ್ಲಿಂದ?

ಸೈಡ್ ರೆಫರಿ ಕೆಲಸವೇ ಮೊದಲ ಮೆಟ್ಟಿಲು. ಸಾಮಾನ್ಯವಾಗಿ ಆಗಷ್ಟೇ ಸುತ್ತು ಮುಗಿಸಿದ ಹಿಂದಿನ ಸ್ಕ್ವಾಡಿನ (ಗುಂಪಿನ) ಶೂಟರ್‌ಗಳನ್ನೇ ಇದಕ್ಕೆ ನಿಲ್ಲಿಸುತ್ತಾರೆ. ಟಾರ್ಗೆಟ್ ತಪ್ಪಿದೆ ಎನಿಸಿದರೆ ತಕ್ಷಣ ಕೈ ಎತ್ತುವುದು ಅವರ ಕೆಲಸ. ತಡವಾಗಿ ಎತ್ತಿದ ಕೈಗೆ ಬೆಲೆಯಿಲ್ಲ.

ಮುಂದಿನ ದಾರಿ ರಾಜ್ಯ ರೈಫಲ್ ಸಂಘಗಳ ಮತ್ತು 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಅಸೋಸಿಯೇಷನ್ನಿನ ಮೂಲಕ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಶಾಟ್‌ಗನ್ ರೆಫರಿಗಳಿಗೆ ಪ್ರತ್ಯೇಕ ಲೈಸೆನ್ಸ್ ಕೊಡುತ್ತದೆ, ಅದಕ್ಕೆ ಕಣ್ಣಿನ ಪರೀಕ್ಷೆಯೂ ಇದೆ. ಕನ್ನಡಕ ಇದ್ದರೆ ತೊಂದರೆಯಿಲ್ಲ.

ಬೀದರ್, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ಶಾಟ್‌ಗನ್ ಸ್ಪರ್ಧೆ ನಡೆಯುವಾಗ ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಪ್ರೇಕ್ಷಕರ ಸಾಲಿನಲ್ಲಿ ಕೂತು, ಒಂದು ಚೀಟಿಯಲ್ಲಿ ಪ್ರತಿ ಟಾರ್ಗೆಟ್ಟಿಗೂ ನಿಮ್ಮ ತೀರ್ಪು ಬರೆಯಿರಿ. ಸುತ್ತು ಮುಗಿದ ಮೇಲೆ ಬೋರ್ಡಿನಲ್ಲಿರುವ ಅಂಕಗಳೊಂದಿಗೆ ಹೋಲಿಸಿ ನೋಡಿ. ಎಲ್ಲಿ ವ್ಯತ್ಯಾಸ ಬಂತೋ, ಆ ಹೊತ್ತಿನಲ್ಲಿ ನಿಮ್ಮ ಕಣ್ಣು ತಟ್ಟೆಯ ಮೇಲಿತ್ತೋ ಶೂಟರ್‌ನ ಮೇಲಿತ್ತೋ ಎಂದು ಕೇಳಿಕೊಳ್ಳಿ. ಬೇರೆ ಯಾವ ತರಬೇತಿಗೂ ಮುನ್ನ ಮಾಡಬಹುದಾದ ಅಭ್ಯಾಸ ಇದು.